ಮೊದಲನೆಯ ಕಾಲಂ

ಮೂವತ್ತೊಂದು ವರ್ಷ ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡು ನಿವೃತ್ತಳಾದವಳು ನಾನು. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ಭದ್ರಾವತಿಯ ಸಮಿತಿಯೊಂದು ತನ್ನ ಬೇಸಿಗೆ ಶಿಬಿರಕ್ಕೆ ನನ್ನನ್ನು ಮುಖ್ಯಸ್ಥೆಯಾಗಿ ಕರೆಯಿತು. ಇಪ್ಪತ್ತು ದಿನ, ಅರವತ್ತೆರಡು ಮಕ್ಕಳು, ಐದು ಜನ ಸ್ವಯಂಸೇವಕರು. ದಿನಾ ಏಳೂವರೆಯ ಬಸ್ಸು ಹಿಡಿದು ಹೋಗುತ್ತಿದ್ದೆ.

ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಬಿಸಿಲಲ್ಲಿ ನಿಲ್ಲಿಸುವಂತಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟೆ. ನಾನೇನು ದೇವತೆಯಲ್ಲ. ಈ ಮೂರನ್ನೂ ಸರ್ವೀಸಿನಲ್ಲಿ ಧಾರಾಳವಾಗಿ ಮಾಡಿದವಳೇ. ಕೊನೆಯ ಕೆಲವು ವರ್ಷಗಳಲ್ಲಿ ಒಂದು ತರಬೇತಿಗೆ ಹೋಗಿ ಬುದ್ಧಿ ಬಂದಿತ್ತು. ಅಲ್ಲಿಂದ ತಂದದ್ದು ಒಂದು ಫಾರಂ, ಅದರಲ್ಲಿ ಮೂರು ಕಾಲಂ. ಮಗು ಗಲಾಟೆ ಮಾಡುವ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. “ಮೊದಲನೇ ಕಾಲಂ ಮೊದಲು ತುಂಬಿ. ಅದು ಖಾಲಿ ಇರೋ ಫಾರಂ ನನ್ನ ಹತ್ರ ತರಲೇಬೇಡಿ,” ಎಂದು ಸ್ವಯಂಸೇವಕರಿಗೆ ತಾಕೀತು ಮಾಡಿದ್ದೆ.

ಎರಡನೆಯ ದಿನ ಬೆಳಿಗ್ಗೆ ಜನ್ನಾಪುರದ ಸೆಲ್ವಿ ಮಗಳನ್ನು ಕರೆತಂದಳು. ಸೆಲ್ವಿ ಟೈಲರಿಂಗ್ ಅಂಗಡಿಯಲ್ಲಿ ಹೊಲಿಯುವವಳು. ಮಗಳು ದಿವ್ಯಾಗೆ ಒಂಬತ್ತು ವರ್ಷ. ಯಾರಾದರೂ ತನ್ನ ವಸ್ತು ಮುಟ್ಟಿದರೆ ಕಚ್ಚಿಬಿಡುತ್ತಿದ್ದಳಂತೆ. ಅದೇ ಕಾರಣಕ್ಕೆ ಎರಡು ಶಾಲೆ ಬದಲಾಗಿ ಮೂರನೆಯದೂ ಕೈತಪ್ಪುವುದರಲ್ಲಿತ್ತು.

“ಇಪ್ಪತ್ತು ದಿನ ಎಲ್ಲರ ಜೊತೆ ಚೆನ್ನಾಗಿದ್ಳು ಅಂತ ನೀವೊಂದು ಲೆಟರ್ ಕೊಟ್ರೆ ಐದನೇ ಕ್ಲಾಸಿಗೆ ಸೇರಿಸ್ಕೊಳ್ತಾರಂತೆ ಮೇಡಂ. ಇಲ್ಲಾಂದ್ರೆ ಟೀಸಿ ತಗೊಂಡ್ಹೋಗಿ ಅಂದಿದಾರೆ.”

“ಕೊಡ್ತೀನಿ ಬಿಡಮ್ಮ, ಅದಕ್ಯಾಕೆ ಅಳ್ತೀಯ,” ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಮೂರು ದಿನದಲ್ಲಿ ಮೂರು ಫಾರಂ ಬಂದವು. ಶಂಕರಘಟ್ಟದಲ್ಲಿ ಎಂ.ಎ. ಓದುತ್ತಿದ್ದ ಚೈತ್ರಾ ಎಂಬ ಸ್ವಯಂಸೇವಕಿ ಅವನ್ನು ನನ್ನ ಮುಂದೆ ಸಾಲಾಗಿ ಇಟ್ಟಳು. ಮೂರರಲ್ಲೂ ಮೊದಲ ಕಾಲಂ ಒಂದೇ: ಕೈಯಲ್ಲಿದ್ದುದನ್ನು ಬೇರೆ ಮಗು ಕಿತ್ತುಕೊಂಡಿತು. ಹಾಗಾದರೆ ಯಾರೂ ಕಿತ್ತುಕೊಳ್ಳದ ಒಂದು ವಸ್ತು ಅವಳಿಗಿರಲಿ ಎಂದುಕೊಂಡೆ. ಶಿಬಿರದ ಬೇವಿನ ಮರಕ್ಕೆ ಹಳೆಯ ರೈಲು ಕಂಬಿಯ ತುಂಡೊಂದನ್ನು ಕಟ್ಟಿದ್ದರು. ಅದೇ ನಮ್ಮ ಗಂಟೆ. ಅದನ್ನು ಬಾರಿಸುವ ಸರಳನ್ನು ದಿವ್ಯಾಳ ಕೈಗೆ ಕೊಟ್ಟೆ. “ಇದು ನಿಂದು. ಇಪ್ಪತ್ತನೇ ದಿನದವರೆಗೂ ಯಾರೂ ಮುಟ್ಟಲ್ಲ. ಸಿಟ್ಟು ಬಂದ್ರೆ ಮಾತ್ರ ನನ್ನ ಹತ್ರ ಬಂದು ಹೇಳ್ಬೇಕು, ಆಯ್ತಾ?”

ಮರುದಿನದಿಂದ ಅವಳು ಅರ್ಧ ಗಂಟೆ ಮುಂಚೆಯೇ ಹಾಜರ್. ಊಟಕ್ಕೆ ಕೂತರೂ ಸರಳು ತೊಡೆಯ ಮೇಲೆ. ಒಂದು ದಿನ ಒಬ್ಬ ಹುಡುಗ ಅವಳ ಬಣ್ಣದ ಡಬ್ಬಿ ಎಳೆದುಕೊಂಡ. ಅವಳು ಮುಷ್ಟಿ ಬಿಗಿಹಿಡಿದು ಮೈದಾನ ದಾಟಿ ನನ್ನ ಹತ್ತಿರ ಓಡಿಬಂದಳು. “ಮಿಸ್, ಸಿಟ್ಟು ಬರ್ತಿದೆ.” ಅಯ್ಯೋ, ನಾನು ಹಿಗ್ಗಿದ್ದೇನು! ಆರರಿಂದ ಹದಿನಾರನೆಯ ದಿನದವರೆಗೆ ಅವಳ ಹೆಸರಿನಲ್ಲಿ ಒಂದು ಫಾರಂ ಕೂಡ ಬರಲಿಲ್ಲ.

ಹದಿನೇಳನೆಯ ದಿನ ಸಮಿತಿಯ ಅಧ್ಯಕ್ಷರು ಮೊಮ್ಮಗಳನ್ನು ಕರೆದುಕೊಂಡು ಶಿಬಿರ ನೋಡಲು ಬಂದರು. ಆ ಮಗುವಿಗೆ ಗಂಟೆ ಹೊಡೆಯುವ ಆಸೆಯಾಯಿತು. “ಒಂದ್ಸಲ ಹೊಡೀಲಿ ಬಿಡಿ ಮೇಡಂ,” ಎಂದರು ಅಧ್ಯಕ್ಷರು.

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಅಧ್ಯಕ್ಷರು ಎಂದ ಕೂಡಲೇ ಎದ್ದು ನಿಲ್ಲುವುದು ಮೂವತ್ತೊಂದು ವರ್ಷದ ಅಭ್ಯಾಸ. ದಿವ್ಯಾಳ ಬಳಿ ಹೋಗಿ, “ಒಂದೇ ಸಲ ಪುಟ್ಟಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ,” ಎಂದೆ.

“ಯಾರೂ ಮುಟ್ಟಲ್ಲ ಅಂದಿದ್ರಿ.”

“ಅಂದಿದ್ದೆ. ಇವತ್ತೊಂದಿನ.”

“ಮಿಸ್, ಸಿಟ್ಟು ಬರ್ತಿದೆ.”

ನಾನೇ ಕಲಿಸಿದ ಮಾತು. ಅದನ್ನು ಕೇಳಿಸಿಕೊಂಡೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಳನ್ನು ತೆಗೆದುಕೊಂಡು ಆ ಮಗುವಿಗೆ ಕೊಟ್ಟೆ. ಗಂಟೆ ಒಂದು ಸಲ ಹೊಡೆಯಿತು, ಅಷ್ಟೆ. ದಿವ್ಯಾ ಹಾರಿಬಿದ್ದು ಆ ಮಗುವಿನ ಮುಂಗೈ ಕಚ್ಚಿದಳು. ರಕ್ತ ಬಂತು.

ಅವಳನ್ನು ಈಗಲೇ ಮನೆಗೆ ಕಳಿಸಿ ಎಂದು ಅಧ್ಯಕ್ಷರು ಹಟ ಹಿಡಿದರು. ಅವರು ನೋಡುತ್ತ ನಿಂತಿದ್ದಂತೆಯೇ ನಾನು ಫಾರಂ ಬರೆದೆ. ಎರಡನೆಯ ಕಾಲಂ ತುಂಬಿದೆ, ಮೂರನೆಯದೂ ತುಂಬಿದೆ.

“ಮೇಡಂ, ಮೊದಲನೇ ಕಾಲಂ ಖಾಲಿ ಇದೆಯಲ್ಲ,” ಎಂದಳು ಚೈತ್ರಾ ಮೆಲ್ಲಗೆ.

“ಎಲ್ಲಾ ನಿಂಗೇ ಗೊತ್ತಾ ಮಾರಾಯ್ತಿ? ನಿನ್ನ ಕೆಲಸ ನೋಡ್ಕೋ ಹೋಗು!” ಎಂದು ಹರಿಹಾಯ್ದೆ. ಆಮೇಲೆ ಆ ಕಾಲಂನಲ್ಲಿ ‘ಕಾರಣ ತಿಳಿದುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಸೆಲ್ವಿ ಅಂಗಡಿಯಿಂದ ಓಡೋಡಿ ಬಂದಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು. “ಏನಾಯ್ತು ಮೇಡಂ? ಯಾರಾದ್ರೂ ಏನಾದ್ರೂ ಕಿತ್ಕೊಂಡ್ರಾ?”

“ಗೊತ್ತಾಗ್ಲಿಲ್ಲಮ್ಮ.”

ದಿವ್ಯಾ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ಮರುದಿನ ಸಕ್ರೆಬೈಲಿಗೆ ಆನೆ ನೋಡಲು ಹೊರಟ ಬಸ್ಸಿನಲ್ಲಿ ಅವಳ ಸೀಟು ಖಾಲಿಯಿತ್ತು.

ಶಾಲೆಯವರು ಲೆಟರಿನ ಬದಲು ಆ ಫಾರಂ ತರಿಸಿಕೊಂಡರು. ಕಾರಣವಿಲ್ಲದೆ ಕಚ್ಚುವ ಮಗುವನ್ನು ಯಾರು ಸೇರಿಸಿಕೊಳ್ಳುತ್ತಾರೆ? ಜೂನ್‌ನಲ್ಲಿ ಟೀಸಿ ಕೈಗೆ ಬಂತು. ನಿದ್ದೆ ಕೆಟ್ಟು ನಾನೇ ಆ ಶಾಲೆಯ ಹೆಡ್‌ಮಿಸ್‌ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಫಾರಂ ಮೇಲಿನ ನನ್ನ ಸಹಿ ತೋರಿಸಿ, “ಇದನ್ನ ನಂಬ್ಲಾ, ನಿಮ್ಮನ್ನ ನಂಬ್ಲಾ? ಸೀಟೂ ತುಂಬ್ಹೋಯ್ತು ಮೇಡಂ,” ಎಂದರು. ಎದ್ದು ಬಂದೆ.

ಈಗಲೂ ಶಿಬಿರಗಳಿಗೆ ಕರೆಯುತ್ತಾರೆ, ನಾನು ಒಪ್ಪುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೆ: ಮಕ್ಕಳ ನಡವಳಿಕೆ ತಿದ್ದುವ ಫಾರಂನಲ್ಲಿ ಮೊದಲನೆಯ ಕಾಲಂ ದೊಡ್ಡವರದು, ಮತ್ತು ನಾವು ಅದನ್ನು ತುಂಬುವುದಿಲ್ಲ.

ಕಳೆದ ತಿಂಗಳು ಜನ್ನಾಪುರದಲ್ಲಿ ಸೆಲ್ವಿಯ ಅಂಗಡಿಗೆ ಹೋಗಿದ್ದೆ. ಶಾಲೆಯ ಹೊತ್ತು. ದಿವ್ಯಾ ಮೂಲೆಯಲ್ಲಿ ಕೂತು ರವಿಕೆಗಳ ದಾರ ಕತ್ತರಿಸುತ್ತಿದ್ದಳು. ಇನ್ನೊಬ್ಬ ಟೈಲರ್ ಬಂದು ಒಂದು ಮಾತೂ ಆಡದೆ ಅವಳ ಕೈಯಿಂದ ಕತ್ತರಿ ಎಳೆದುಕೊಂಡು ಹೋದ. ಅವಳು ಖಾಲಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಈಗ ಎಷ್ಟೋ ವಾಸಿ ಮೇಡಂ,” ಎಂದಳು ಸೆಲ್ವಿ ಸಮಾಧಾನದಿಂದ. “ಯಾರು ಏನು ಕಿತ್ಕೊಂಡ್ರೂ ಸುಮ್ನೆ ಕೊಟ್ಬಿಡ್ತಾಳೆ.”