ಎರಡು ಕೂಲರ್, ಒಂದು ಹೀಟರ್

ಕೆ.ಆರ್. ನಗರದಲ್ಲಿ ಸೋದರಮಾವನ ಕಂಪ್ಯೂಟರ್ ಅಂಗಡಿ. ರಿಪೇರಿ ನನ್ನದು, ವ್ಯಾಪಾರ ಅವರದು. ಪ್ರೊಸೆಸರ್ ಬಿಸಿಯಾಗುತ್ತದೆ ಎಂದು ಬಂದವರಿಗೆಲ್ಲ ಮಾವ ಗಾಜಿನ ಕಪಾಟಿನಿಂದ ಅದರ ಮೇಲೆ ಕೂರಿಸುವ ಫ್ಯಾನಿನ ಕೂಲರ್‌ಗಳಲ್ಲಿ ದುಬಾರಿಯ ದೊಡ್ಡದನ್ನೇ ತೆಗೆದುಕೊಡುತ್ತಿದ್ದರು. ಚಿಕ್ಕದೇ ಸಾಕು ಎಂಬುದು ನನ್ನ ವಾದ.

"ಎಂಗ್ ಗೊತ್ತವ್ವ ನಿಂಗೆ? ಕೈಯಿಟ್ ನೋಡ್ದಾ?"

"ಅಳೆದು ತೋರಿಸ್ತೀನಿ ಮಾವ."

"ತೋರ್ಸು. ಎಲ್ಡ್ ಸಲಾನೂ ಒಂದೇ ಲೆಕ್ಕ ಬಂದು, ಚಿಕ್ಕದೇ ಸಾಕು ಅಂತಾದ್ರೆ, ದೊಡ್ಡದ್ನ ಕಪಾಟಿಂದ ನಾನೇ ಇಳಿಸ್ತೀನಿ."

ಊರಿನ ನಮ್ಮ ಮನೆಯಲ್ಲಿ ಭತ್ತದ ಮೂಟೆ ಖಾಲಿಯಾಗಿದ್ದ ಕೋಣೆ ಹಿಡಿದೆ. ಪ್ರೊಸೆಸರಿನ ಬದಲಿಗೆ ಒಂದು ಅಲ್ಯೂಮಿನಿಯಂ ತುಂಡು. ಅದರೊಳಗೆ ಹೀಟರ್, ನಮ್ಮ ಗಿರಾಕಿಗಳಾದ ಆಫೀಸು, ಸ್ಟುಡಿಯೊಗಳ ಪ್ರೊಸೆಸರ್ ಕಾಯುವಷ್ಟೇ ಕಾಯುವಂಥದ್ದು. ಪಕ್ಕದ ತೂತಿನಲ್ಲಿ ಉಷ್ಣಾಂಶದ ಸೆನ್ಸರ್. ಮೇಲೆ ಶಾಖ ದಾಟಿಸುವ ಪೇಸ್ಟ್ ಸವರಿ ಕೂಲರ್ ಬಿಗಿದು, ಅಂಕಿ ಏರುವುದು ನಿಂತ ಮೇಲೆ ಅದರಲ್ಲಿ ಕೋಣೆಯ ಉಷ್ಣಾಂಶ ಕಳೆಯಬೇಕು. ಉಳಿದದ್ದು ಕಡಿಮೆಯಾದಷ್ಟೂ ಕೂಲರ್ ಒಳ್ಳೆಯದು.

ಭಾನುವಾರ ಮಾವನ ಎದುರೇ ಚಿಕ್ಕ ಕೂಲರನ್ನು ಬೆಳಿಗ್ಗೆಯೊಮ್ಮೆ, ಊಟವಾದ ಮೇಲೊಮ್ಮೆ ಅಳೆದೆ. ಎರಡನೆಯ ಸಲ ಏಳು ಡಿಗ್ರಿ ಕಡಿಮೆ.

"ಇದು ಯಂತ್ರ ಅಲ್ಲ ಕಣವ್ವ, ಗಿಣಿಶಾಸ್ತ್ರ!" ಮಾವ ಹೊಟ್ಟೆ ಹಿಡಿದು ನಕ್ಕರು.

"ಬುಡು ಮಗ, ಮಾವನ್ ಜೊತೆ ಪಂತ ಯಾಕೆ?" ಎಂದಳು ಅವ್ವ.

ಬಿಡಲಿಲ್ಲ. ಮಾರನೆಯ ದಿನ ಗಮನಿಸಿದೆ: ಮಧ್ಯಾಹ್ನ ಪಂಪಿಗೆಂದು ಕೊಡುವ ತ್ರೀ ಫೇಸ್ ಕರೆಂಟ್ ಬಂದೊಡನೆ ಸುತ್ತಲ ಗದ್ದೆಗಳ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗಿ ಮನೆಯ ಬಲ್ಬ್ ಮಂಕಾಯಿತು. ನನ್ನ ಹೀಟರೂ ಅದೇ ಕರೆಂಟಿನದು. ಕೂಲರ್ ಹೆಚ್ಚು ತಂಪು ಮಾಡಿರಲಿಲ್ಲ, ಬಿಸಿಯೇ ಕಡಿಮೆ ಹುಟ್ಟಿತ್ತು. ಅಂಗಡಿಯ ಮೂಲೆಯಿಂದ ಹಳೆ ಕಂಪ್ಯೂಟರಿನ ಪವರ್ ಸಪ್ಲೈ ತಂದೆ. ಮನೆಯ ಕರೆಂಟ್ ಏರಿಳಿದರೂ ಅದು ಕೊಡುವ ವೋಲ್ಟೇಜ್ ಕದಲುವುದಿಲ್ಲ. ಅದಕ್ಕೆ ಹೊಂದುವ ಹೀಟರ್ ಕೂರಿಸಿದೆ.

ಮುಂದಿನ ಭಾನುವಾರ ಮಾವನನ್ನು ಬೇಕೆಂದೇ ಪಂಪು ಓಡುವ ಹೊತ್ತಿನವರೆಗೂ ನಿಲ್ಲಿಸಿಕೊಂಡೆ. ಬಲ್ಬ್ ಮಂಕಾಯಿತು. ಚಿಕ್ಕದರ ಲೆಕ್ಕ ಮಾತ್ರ ಬೆಳಿಗ್ಗೆ ಬಂದದ್ದೇ ಬಂತು. ದೊಡ್ಡದನ್ನೂ ಎರಡು ಸಲ ಅಳೆದೆ. ಚಿಕ್ಕದಕ್ಕಿಂತ ಎರಡೇ ಡಿಗ್ರಿ ತಂಪು. ಪ್ರೊಸೆಸರ್ ತಡೆಯುವ ಮಿತಿಗಿಂತ ಎರಡೂ ಬಹಳ ಕೆಳಗೆ.

"ನೋಡ್ದಾ, ಗೆದ್ದದಲ್ಲ ನನ್ದು!"

"ಎರಡು ಡಿಗ್ರಿ ಗೆದ್ದಿದೆ. ಗಿರಾಕಿಗೂ ಅದನ್ನೇ ಹೇಳ್ತೀನಿ. ಚಿಕ್ಕದೇ ಸಾಕು ಅಂತಾನೂ ಹೇಳ್ತೀನಿ."

"ಅಂಗಡಿ ಯಾರ್ದವ್ವ?"

"ನಿಮ್ದೇ ಮಾವ. ಮಾತು ಕೊಟ್ಟಿದ್ದೂ ನೀವೇ."

ಸೋಮವಾರ ಮಧ್ಯಾಹ್ನವಾದರೂ ಮಾವ ಕಪಾಟು ಮುಟ್ಟಲಿಲ್ಲ. ನಾನೇ ಸ್ಟೂಲ್ ಹತ್ತಿ ದೊಡ್ಡ ಕೂಲರಿನ ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಅವರ ಮೇಜಿನ ಮೇಲೆ ಜೋಡಿಸಿದೆ. ಅವರು ಪೇಪರಿನಿಂದ ತಲೆಯೆತ್ತಲಿಲ್ಲ. ಕೊನೆಯದಕ್ಕೆ ಕೈ ಹಾಕಿದಾಗ ಮಾತ್ರ, "ಒಂದಾದ್ರೂ ಇರ್ಲಿ ಕಣವ್ವ, ನೋಡಕ್ಕೆ" ಎಂದರು.

ಅದನ್ನೂ ಇಳಿಸಿದೆ.