ಮೀನು ಮಾರುವವರಿಗೊಂದು ಮೇಲಂಗಿ

ಹುಬ್ಬಳ್ಳಿಯಲ್ಲಿ ಫ್ಯಾಶನ್ ಡಿಸೈನ್ ಕಲಿತು ಬಂದ ನಾನು ಎರಡು ಸಾವಿರನೇ ಇಸವಿಯ ಆಚೀಚೆಯ ವರ್ಷಗಳಲ್ಲಿ ಕಾರವಾರದ ಹಬ್ಬುವಾಡದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೆ. ಕತ್ತರಿಸಿ ಉಳಿದ ಬಟ್ಟೆಯ ಚೂರುಗಳನ್ನು ಹಿತ್ತಲಲ್ಲಿ ಸುಡುತ್ತಿದ್ದೆ. ಒಂದು ಬೆಳಿಗ್ಗೆ, ನಮ್ಮ ಓಣಿಗೆ ಮೀನು ತರುತ್ತಿದ್ದ ಅಕ್ಕ ಬೇಲಿಯಾಚೆ ನಿಂತಳು.

"ಸುಡೂದು ಎಂತಕೆ ತಂಗಿ? ನಂಗೆ ಕೊಡು. ಬುಟ್ಟಿ ಅಡಿಗೆ ಸಿಂಬಿ ಮಾಡ್ಕಂತೆ."

ತಲೆ ಮೇಲಿನ ಬುಟ್ಟಿಯಿಂದ ಸೋರಿದ ನೀರಿಗೆ ಅವಳ ಬೆನ್ನೆಲ್ಲ ಒದ್ದೆಯಾಗಿತ್ತು. ಕಿನ್ನರ ಊರಿನ ಕಡೆ ಮಾರಲು ಹೋಗುವಾಗ ವಾಸನೆಯೆಂದು ಬಸ್ಸಿನಲ್ಲಿ ಹಿಂದೆ ನಿಲ್ಲಿಸುತ್ತಾರೆ, ಕೆಲವೊಮ್ಮೆ ಹತ್ತಿಸಿಕೊಳ್ಳುವುದೇ ಇಲ್ಲ ಎಂದಳು. ಇವತ್ತು ಸೆಕೆ ಜಾಸ್ತಿ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ನನಗೆ ಮಾತ್ರ ಆ ದಿನವಿಡೀ ಕೆಲಸ ಸಾಗಲಿಲ್ಲ.

ವಾರದೊಳಗೆ ಒಂದು ಮೇಲಂಗಿ ಹೊಲಿದೆ. ಒಳಗೆ ತೊಳೆದ ಪ್ಲಾಸ್ಟಿಕ್ ಚೀಲ, ಹೊರಗೆ ಚೂರುಗಳನ್ನು ಜೋಡಿಸಿದ ನೀಲಿ ಬಟ್ಟೆ. ಅವಳಿಗೂ ಅವಳ ಜೊತೆ ಮೀನು ಮಾರುವವರಿಗೂ ಒಂದೇ ಥರ ಹೊಲಿಯುವುದೆಂದು ಲೆಕ್ಕ. ದೊಡ್ಡ ಕೆಲಸ ಮಾಡಿದೆ ಎಂಬ ಹಮ್ಮು ನನಗೆ. ಅವಳು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟಳು.

"ಎಲ್ಲರೂ ಇದ್ನೇ ಹಾಕ್ಕಂಡ್ರೆ, ಮೀನಿನವ್ಳು ಬಂದ್ಳು ಅಂತ ದೂರದಿಂದ್ಲೇ ಗುರ್ತ ಸಿಗ್ತದೆ. ಬಸ್ ನಿಲ್ಸೂದೂ ಇಲ್ಲ."

ನನ್ನ ಮುಖ ಸಣ್ಣದಾಯಿತು. ಅವರಿಗಾಗಿ ಎಂದು ಹೊಲಿದಿದ್ದೆ, ಅವರನ್ನು ಒಂದು ಮಾತೂ ಕೇಳಿರಲಿಲ್ಲ.

"ಹಾಗಾರೆ ಹ್ಯಾಂಗೆ ಬೇಕು ಅಕ್ಕಾ, ನೀವೇ ಹೇಳಿ," ಎಂದೆ.

ಮಾರಾಟ ಮುಗಿದ ಮೇಲೆ ಅಕ್ಕನೂ ಸೇರಿ ನಾಲ್ವರು ಬಂದು ನನ್ನ ಅಂಗಡಿಯ ನೆಲದ ಮೇಲೆ ಕೂತರು. ಕಚ್ಚೆ ಸೀರೆ ಮುಚ್ಚಬಾರದು. ಕೈ ಎತ್ತಿ ಬುಟ್ಟಿ ಹಿಡಿಯಲು ಬರಬೇಕು. ಬಸ್ಸಿನ ಹೊತ್ತಿಗೆ ಬಿಚ್ಚಿ ಮಡಚಿದರೆ ಚೀಲವಾಗಬೇಕು. ಬಣ್ಣ ಅವರವರ ಇಷ್ಟದ್ದು. ಅಕ್ಕ ಕುಂಕುಮದ ಕೆಂಪು ಮತ್ತು ಹಳದಿ ಆರಿಸಿದಳು. ಕಾಲೇಜಿನಲ್ಲಿ ಯಾರೂ ನನಗೆ ಇಷ್ಟು ಚೆನ್ನಾಗಿ ಪಾಠ ಹೇಳಿರಲಿಲ್ಲ.

ಹೊಸದು ಹಾಕಿಕೊಂಡ ದಿನ ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಮೇಲಂಗಿ ಮಡಚಿ, ಬುಟ್ಟಿ ಕಾಲ ಬಳಿ ಇಟ್ಟು, ಅವಳು ಮುಂದಿನ ಸೀಟಿನಲ್ಲಿ ಕೂತಳು. ಸೀರೆ ಒಣಗಿಯೇ ಇತ್ತು. ಆದರೂ ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟು, "ಹಿಂದೆ ಹೋಗಿ" ಎಂದ. ನಾನು ಬಾಯಿ ತೆರೆಯುವ ಮೊದಲೇ ಅವಳು ಟಿಕೆಟ್ ಎತ್ತಿ ತೋರಿಸಿದಳು.

"ಹಿಂದಿನ ಸೀಟಿಗೆ ಬೇರೆ ಟಿಕೆಟ್ ಅದ್ಯ? ಇದ್ರೆ ಹೇಳು, ಹೋಗ್ತೆ."

ಯಾರೋ ನಕ್ಕರು. ಅವನು ಗೊಣಗುತ್ತ ಮುಂದೆ ಸರಿದ. ಅವಳು ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಳು. ಆ ಸೀಟು ಗಿಟ್ಟಿಸಿದ್ದು ನನ್ನ ಬಟ್ಟೆಯಲ್ಲ ಎಂಬುದು ನನಗೆ ಅಲ್ಲೇ ತಿಳಿಯಿತು.

ಮುಂದೊಮ್ಮೆ ಅಂಕೋಲೆಯ ಬಾಳೆಗುಳಿಯ ಹತ್ತಿರ, ಗದ್ದೆ ಕೆಲಸದ ಹೆಂಗಸರಿಗೆ ಹೊಲಿಗೆ ಕಲಿಸಲು ಹೋದೆ. ಮೊದಲ ದಿನ ಕತ್ತರಿಯನ್ನೇ ಮುಟ್ಟಲಿಲ್ಲ. ನಾಟಿ ಮಾಡುವಾಗ ಬಟ್ಟೆ ಎಲ್ಲಿ ಒದ್ದೆಯಾಗುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ಕೇಳುತ್ತ ಕೂತೆ. ಅವರು ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದರು, ಮಧ್ಯಾಹ್ನದವರೆಗೂ.