ಒಲೆ ಮುಂದೆ ಕೂತವನು

ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ನಿಗೆ ಬೆಂಕಿ ಹಾಕಲು ಬರುತ್ತಿದ್ದ ಪಕ್ಕದ ಮನೆಯವನಿಗೆ ಯಾವ ಮಾತೂ ಮನೆಯೊಳಗೆ ಮುಗಿಯುತ್ತಿರಲಿಲ್ಲ. ನನಗೆ ಮಂಡಿ ನೋವು ಅಂದರೂ ತೋರುಬೆರಳನ್ನು ಮೈಸೂರಿನ ಕಡೆಗೆ ಚಾಚಿ, "ಇದ್ರ ಹಿಂದೆ ದೊಡ್ಡೋರವ್ರೆ ಕಣ್ ದೊಡ್ಡವ್ವ" ಅನ್ನುತ್ತಿದ್ದ. ಹೆಂಡತಿ ಮುನಿಸಿಕೊಂಡು ಮಿರ್ಲೆಯ ತವರಿಗೆ ಹೋದಾಗಲೂ ಅದೇ ಬೆರಳು, ಅದೇ ಮಾತು. ಆಕೆಯನ್ನು ಬೈದು ಕಳಿಸಿದವನು ತಾನೇ ಅನ್ನುವುದು ಮಾತ್ರ ಬಾಯಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ಬ್ಯಾರನ್ನಿನ ಒಲೆ ಮುಂದೆ ಕೂತು ಫೋನಿನಲ್ಲಿ ಯಾರೊಂದಿಗೋ ಎಲೆಕ್ಷನ್ ಜಗಳಕ್ಕೆ ಬಿದ್ದ. ಸೊಪ್ಪು ಇನ್ನೂ ಹಳದಿಗೆ ತಿರುಗಬೇಕಿತ್ತು, ಬೆಂಕಿ ಸಣ್ಣಗಿರಬೇಕಿತ್ತು. ಇವನು ಒಂದೊಂದು ಮಾತು ಗೆದ್ದಾಗಲೂ ಒಂದೊಂದು ಕೊರಡು ಒಳಗೆ ತಳ್ಳಿದ. ನಾನು ಹೊಲದಿಂದ ಬಂದು ಬ್ಯಾರನ್ನಿನ ಬಾಗಿಲು ತೆಗೆದರೆ, ಮನೆಯವರೆಲ್ಲ ಸೇರಿ ಮುರಿದು ಕೋಲಿಗೆ ಕಟ್ಟಿದ್ದ ಸೊಪ್ಪು ಸುಟ್ಟ ಬದನೆಕಾಯಿಯಂತೆ ಕಪ್ಪಾಗಿತ್ತು. ಅದನ್ನು ಹರಾಜಿನಲ್ಲಿ ಯಾರೂ ಮುಟ್ಟುವುದಿಲ್ಲ.

"ಯಾರ್ಲಾ ಇಷ್ಟು ಸೌದೆ ಆಕಿದ್ದು?"

"ಇದ್ರ ಹಿಂದೆ..."

"ಹಿಂದೆ ಯಾರಾರ ಇರ್ಲಿ. ಒಲೆ ಮುಂದೆ ಕೂತಿದ್ದೋನು ನೀನು ಕಣ್ಲಾ."

ಅವನು ಮಸಿ ಹಿಡಿದ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಈಗಲಾದರೂ ಒಪ್ಪಿಕೊಳ್ಳುತ್ತಾನೆ ಅಂದುಕೊಂಡೆ.

"ಫೋನಲ್ಲಿ ಮಾತಿಗೆ ಎಳ್ದೋನು ಅವ್ನು ಕಣ್ ದೊಡ್ಡವ್ವ. ಆ ಪಾರ್ಟಿಯೋರೇ ಅಂಗೆ."

ಮುಂದಿನ ಸಲದಿಂದ ಒಲೆಯನ್ನು ನಾನೇ ನೋಡಿಕೊಂಡೆ. ಅವನು ಜಗಲಿ ಮೇಲೆ ಕೂತು ದೇಶವನ್ನು ನೋಡಿಕೊಂಡ.